ತಿರುಗಣಿ ತಂಬಿಗೆಯೊಳಗಿನ ಸಮುದ್ರ

ನಾನು ಸಮುದ್ರವನ್ನು ಕಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅದೂ ಒಬ್ಬಳೇ ಹೋಗಿ. ಈ ‘ಒಬ್ಬಳೇ’ ಅನ್ನುವುದರ ತೂಕ ನನ್ನ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. “ಅದರಾಗೇನದ ಅಜ್ಜಿ, ಹೋಗಿರ್ತಿ, ನೋಡಿ ಬಂದಿರ್ತಿ” ಅನ್ನುತ್ತಾರೆ. ಇವರ ತಲೆ! ಪುಣೆಯ ಸದಾಶಿವ ಪೇಠೆಯಲ್ಲಿ ನಾವಿದ್ದ ವಾಡೆಯಿಂದ ಹೊರಬಿದ್ದು ಒಂದು ಸಿವುಡು ಮೆಂತ್ಯೆಪಲ್ಯ ತರಬೇಕಾದರೂ ನನಗೆ ಯಾರಾದರೂ ಜೊತೆ ಬೇಕಿತ್ತು. ಜೊತೆ ಇದ್ದರೂ ದಾರಿಯುದ್ದಕ್ಕೂ ಬಾಗಿಲಲ್ಲಿ ನಿಂತವರು ಕೇಳುವವರೇ, ಎಲ್ಲಿಗೆ ಹೊರಟಿ, ಏನು ತಂದಿ, ಅತ್ತೆ ಹೇಗಿದ್ದಾರೆ ಎಂದು. ನಾವು ಧಾರವಾಡದ ಕಡೆಯ ಕನ್ನಡದವರು ಎಂದು ಓಣಿಗೆಲ್ಲ ಗೊತ್ತಿತ್ತು, ಹಾಗಾಗಿ ನಮ್ಮ ಮೇಲೆ ಒಂದು ಕಣ್ಣು ಹೆಚ್ಚೇ ಇರುತ್ತಿತ್ತು.

ಮನೆಯಲ್ಲಿ ಆಗ ಮೂರೇ ಜನ: ನಾನು, ನನ್ನ ಯಜಮಾನರು, ಅತ್ತೆ. ಮೊದಲು ನಾಲ್ವರಿದ್ದೆವು. ಇವರಿಗೆ ಒಬ್ಬ ಅಣ್ಣ ಇದ್ದರು, ನನಗೆ ಭಾವ. ಅಣ್ಣತಮ್ಮಂದಿರಿಬ್ಬರೂ ಕ್ಯಾಂಪಿನಲ್ಲಿ ಪಲ್ಟನ್ನಿನ ಸಾಮಾನು ನೋಡುವ ಕಚೇರಿಯಲ್ಲಿ ಕಾರಕೂನರು. ದೊಡ್ಡ ಯುದ್ಧ ನಡೆದಿದ್ದಾಗ ಬಸ್ರಾಕ್ಕೆ ಕಾರಕೂನರನ್ನು ಕಳಿಸಬೇಕೆಂದು ಹುಕುಂ ಬಂತು. ಪಟ್ಟಿಯಲ್ಲಿದ್ದದ್ದು ಇವರ ಹೆಸರು. ನನ್ನ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಭಾವನ ಹೆಂಡತಿ ಪ್ಲೇಗಿನಲ್ಲಿ ಹೋಗಿದ್ದಳು, ಮಕ್ಕಳಿರಲಿಲ್ಲ. “ನನಗೇನು ಹಿಂದ ಮುಂದ? ನಾ ಹೋಗ್ತೀನಿ” ಅಂದವರೇ ತಮ್ಮನ ಹೆಸರು ಹೊಡೆಸಿ ತಮ್ಮ ಹೆಸರು ಬರೆಸಿದರು.

ಇವರು ಮುಂಬಯಿಯ ಧಕ್ಕೆಯವರೆಗೆ ಹೋಗಿ ಅಣ್ಣನನ್ನು ಹಡಗು ಹತ್ತಿಸಿ ಬಂದರು. ಹದಿನೈದು ದಿನಕ್ಕೆ ತಾರು ಬಂತು. ಹಡಗು ಬಿಟ್ಟ ಐದನೆಯ ದಿನ ಜ್ವರದಿಂದ ತೀರಿಕೊಂಡರು, ದೇಹವನ್ನು ಸಮುದ್ರಕ್ಕೆ ಒಪ್ಪಿಸಲಾಯಿತು ಎಂದು ಅದರಲ್ಲಿತ್ತು. ಭಟ್ಟರು ದರ್ಭೆಯ ಗೊಂಬೆ ಮಾಡಿಸಿ, ಅದನ್ನೇ ಭಾವ ಎಂದು ಸುಡಿಸಿ, ಕರ್ಮ ಮುಗಿಸಿದರು. ಅಂದಿನಿಂದ ಆ ಮನೆಯಲ್ಲಿ ಭಾವನ ಮಾತೇ ಬರಲಿಲ್ಲ. ಇವರು ಅಣ್ಣನ ಹೆಸರು ಎತ್ತುತ್ತಿರಲಿಲ್ಲ, ಅತ್ತೆ ಮಗನ ಹೆಸರು ಎತ್ತುತ್ತಿರಲಿಲ್ಲ, ನಾನಂತೂ ಬಾಯಿ ಬಿಡುವ ಹಾಗೆಯೇ ಇರಲಿಲ್ಲ. ಯಾರ ಸಲುವಾಗಿ ಅವರು ಹೋದರೋ ಆ ಹೊಸ ಮದುಮಗಳು ನಾನೇ ಅಲ್ಲವೆ!

ಭಾವನಿಗೆ ಚಳಿ ಅಂದರೆ ಆಗುತ್ತಿರಲಿಲ್ಲ. ಪುಣೆಯ ಥಂಡಿ ದಿನಗಳಲ್ಲಿ ಬಚ್ಚಲಿಗೆ ಹೊಕ್ಕರೆ ಹಂಡೆಯ ಬಿಸಿನೀರೆಲ್ಲ ಅವರ ಮೈಗೇ. “ಹಿಂದಿನವರಿಗೆ ಒಂದು ಚರಿಗಿ ಉಳಸೋ ಮಾರಾಯಾ” ಎಂದು ಅತ್ತೆ ಬಾಗಿಲಲ್ಲಿ ನಿಂತು ಬಯ್ಯುತ್ತಲೇ ಇನ್ನೊಂದು ಕೊಡ ಹಂಡೆಗೆ ಸುರಿದು ಉರಿ ಹೆಚ್ಚಿಸುತ್ತಿದ್ದರು. ತಾರು ಬಂದ ಮೇಲೆ ಅತ್ತೆ ಹಂಡೆಯ ನೀರು ಮುಟ್ಟಲಿಲ್ಲ. ಎಂಥ ಚಳಿಯಲ್ಲೂ ಬೆಳಕು ಹರಿಯುವ ಮೊದಲು ಬಾವಿಯ ನೀರನ್ನೇ ಸೇದಿ ಸುರಿದುಕೊಳ್ಳುವರು. ಮಡಿ ಹೆಚ್ಚು ಮಾಡಿದ್ದಾರೆ ಎಂದು ನಾವು ತಿಳಿದಿದ್ದೆವು. ಅವರ ಮಡಿ ಮೊದಲೇ ಕಡಿಮೆಯದಲ್ಲ. ಕೆಂಪು ಸೀರೆ, ಬೋಳಿಸಿದ ತಲೆ, ದಿನಕ್ಕೆ ಒಂದೇ ಊಟ. ಧಾರವಾಡದಿಂದ ಪುಣೆಗೆ ಒಮ್ಮೆ ರೈಲಿನಲ್ಲಿ ಬಂದಾಗ ದಾರಿಯುದ್ದಕ್ಕೂ ಒಂದು ಗುಟುಕು ನೀರು ಕುಡಿದಿರಲಿಲ್ಲವಂತೆ, ಆಮೇಲೆ ರೈಲು ಹತ್ತಲೇ ಇಲ್ಲ. ರೈಲಿನಿಂದ ಬಂದ ಗಂಟನ್ನು ನೀರು ಚಿಮುಕಿಸದೆ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಭಾವ ಹೋಗಿ ನಾಲ್ಕು ವರ್ಷವಾದ ಮೇಲೆ, ಎಳ್ಳ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಇವರಿಗೆ ಮುಂಬಯಿಗೆ ಹೋಗುವ ಕೆಲಸ ಬಂತು. ಧಕ್ಕೆಯ ಹತ್ತಿರದ ಗುದಾಮಿನಲ್ಲಿ ಯುದ್ಧದಿಂದ ಉಳಿದುಬಂದ ಸಾಮಾನಿನ ಪಟ್ಟಿ ತಾಳೆ ನೋಡುವ ಕೆಲಸ, ಐದಾರು ದಿನದ್ದು. ಅಲ್ಲಿ ಗಿರಗಾಂವದ ಚಾಳಿನಲ್ಲಿ ಇವರಿಗೆ ದೂರದ ಸಂಬಂಧದ ಚಿಕ್ಕಮ್ಮ, ಕಾಕು, ಒಬ್ಬರಿದ್ದರು. ಅತ್ತೆ ತಾವಾಗಿಯೇ “ಆಕೀನ್ನೂ ಕರಕೊಂಡು ಹೋಗು” ಅಂದಾಗ ನನಗೆ ಕಿವಿ ನಂಬಲಾಗಲಿಲ್ಲ. ಹೊರಡುವ ಹಿಂದಿನ ದಿನ ಇವರು ಕಚೇರಿಗೆ ಹೋದದ್ದನ್ನು ನೋಡಿ ಅತ್ತೆ ನನ್ನನ್ನು ದೇವರ ಕೋಣೆಯ ಬಾಗಿಲಿಗೆ ಕರೆದರು. ಕೈಯಲ್ಲಿ ತಾಮ್ರದ ತಿರುಗಣಿ ತಂಬಿಗೆ, ಮುಚ್ಚಳ ತಿರುಗಿಸಿ ಬಿಗಿ ಮಾಡುವಂಥದು, ಪ್ರವಾಸಕ್ಕೆ ಒಯ್ಯುವಂಥದು.

“ಇದು ಅವಂದು” ಅಂದರು. “ಒಯ್ಯೋ ಅಂದರ ಒಯ್ಯಲಿಲ್ಲ. ಪಲ್ಟನ್ನಿನವರು ತಗಡಿನ ಬಾಟ್ಲಿ ಕೊಡ್ತಾರಂತ ಇಲ್ಲೇ ಬಿಟ್ಟು ಹೋದಾ.”

ನಾಲ್ಕು ವರ್ಷದಲ್ಲಿ ಮೊದಲ ಸಲ ಭಾವನ ಮಾತು ಬಂದಿತ್ತು.

“ಇದರಾಗ ಸಮುದ್ರದ ನೀರು ತುಂಬಿಸಿಕೊಂಡು ಬಾ. ಅವನ್ನ ಸುಟ್ಟದ್ದು ನಾ ನೋಡಲಿಲ್ಲ, ಒಂದು ಎಲಬು ಸೈತ ನನ್ನ ಕೈಗೆ ಬರಲಿಲ್ಲ. ಅವ ಇರೂದು ಆ ನೀರಾಗ. ನಾ ಸಾಯೂದರೊಳಗ ಆ ನೀರು ಒಮ್ಮೆ ಮುಟ್ಟಬೇಕು. ಮತ್ತ ಕೇಳಿಲ್ಲೆ, ಸಮುದ್ರಕ್ಕ ದಿನಾ ಕೈ ಮುಗೀಬಹುದು, ಮುಟ್ಟಬಾರದು. ಹುಣ್ಣಿಮಿ ಅಮಾಸಿಗಷ್ಟ ಮುಟ್ಟಬೇಕು. ಅಮಾಸಿ ದಿನ ಮುಂಜಾನೆ ಮಿಂದು, ನೀರು ತುಂಬಿಸಿಕೊ. ಅದಕ್ಕ ಮೊದಲು ಕಾಲಬೆರಳು ಸೈತ ತಾಗಿಸಬ್ಯಾಡ.”

“ಹೂಂ ಅತ್ಯಾ.”

“ನಿನ್ನ ಗಂಡನ ಮುಂದ ಹೇಳಬ್ಯಾಡ. ಅವಗ ಆ ಸಮುದ್ರ ನೋಡಲಿಕ್ಕೇ ಆಗೂದಿಲ್ಲ.”

ಅರಳಿಮರವನ್ನು ಶನಿವಾರ ಮಾತ್ರ ಮುಟ್ಟಬೇಕು ಎಂಬುದು ಚಿಕ್ಕಂದಿನಿಂದ ಗೊತ್ತಿತ್ತು, ಸಮುದ್ರಕ್ಕೂ ಅಂಥದೇ ಕಟ್ಟಳೆ ಇದೆ ಎಂದು ಆಗ ಗೊತ್ತಾಯಿತು. ತಂಬಿಗೆಯನ್ನು ಸೀರೆಯ ಮಡಿಕೆಯೊಳಗಿಟ್ಟು ಟ್ರಂಕಿನ ತಳಕ್ಕೆ ಸೇರಿಸಿದೆ.

ಅಮಾವಾಸ್ಯೆಗೆ ಇನ್ನೂ ಐದು ದಿನವಿರುವಾಗ ಮುಂಬಯಿ ಮುಟ್ಟಿದೆವು. ಬೋರಿಬಂದರಿನ ಸ್ಟೇಶನ್ನಿನಿಂದ ಹೊರಬಂದಾಗ ದೀಪ ಹಚ್ಚಿದ್ದರು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಕುದುರೆಯಿಲ್ಲದೆ ಕಬ್ಬಿಣದ ಹಳಿಯ ಮೇಲೆ ಓಡುವ ಟ್ರಾಮು, ಅದರೊಳಗೆ ಗಂಡಸರ ಪಕ್ಕದಲ್ಲೇ ಕೂತ ಹೆಂಗಸರು, ಆರು ಆರು ಅಂತಸ್ತಿನ ಮನೆಗಳು, ಒಂದೊಂದು ಕಿಟಕಿಯಲ್ಲೂ ಒಂದೊಂದು ಸಂಸಾರ. ಇಷ್ಟು ಜನಕ್ಕೆ ದಿನಾ ಅನ್ನ ಬೇಯಿಸುವವರು ಯಾರಪ್ಪಾ ಎಂಬುದು ನನಗೆ ಬಂದ ಮೊದಲ ಯೋಚನೆ. ಇವರು “ಕಣ್ಣು ಮುಚ್ಚಿಗೊ, ಧೂಳು ಬೀಳತದ” ಎಂದು ಚೇಷ್ಟೆ ಮಾಡಿದರು. ಆದರೆ ಟ್ರಾಮು ಒಂದು ತಿರುವು ದಾಟಿ ಎಡಗಡೆಯಿಂದ ಉಪ್ಪಿನ ವಾಸನೆಯ ಗಾಳಿ ಬಂದಾಗ ಇವರು ಮುಖ ಬಲಕ್ಕೆ ತಿರುಗಿಸಿ ಕೂತರು.

ಕಾಕು ಮೂರನೆಯ ಮಹಡಿಯ ಎರಡು ಕೋಣೆಯಲ್ಲಿದ್ದರು. ಮೊಣಕಾಲು ಹಿಡಿದು ವರ್ಷವಾಗಿತ್ತು, ಮೆಟ್ಟಿಲಿಳಿಯುವುದೇ ಅವರಿಗೆ ಆಗುತ್ತಿರಲಿಲ್ಲ. ಮರುದಿನ ಏಳೂವರೆಗೇ ಇವರು ಗುದಾಮಿಗೆ ಹೊರಟುಹೋದರು. ನಾನು ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಿದ್ದೆ.

“ಏನ ಅಲ್ಲೇ ನಿಂತಿ? ಸಮುದ್ರ ನೋಡೂದಿಲ್ಲೇನು?” ಅಂದರು ಕಾಕು.

“ಯಾರ ಜೋಡಿ ಹೋಗಲಿ, ಕಾಕು?”

“ನಿನ್ನ ಕಾಲ ಜೋಡಿ ಹೋಗು! ಇದೇನು ನಿಮ್ಮ ಸದಾಶಿವ ಪೇಠೆ ಅಲ್ಲ. ಇಲ್ಲೆ ಯಾರು ಯಾರನ್ನ ಕೇಳ್ತಾರ? ಈ ರಸ್ತೆ ಹಿಡದು ನೆಟ್ಟಗ ನಡಿ. ರಸ್ತೆ ಮುಗದಲ್ಲೆ ನೀರು ಸುರು ಆಗ್ತದ.”

ಮೆಟ್ಟಿಲಿಳಿದೆ. ಸೆರಗು ಬಿಗಿಯಾಗಿ ಹೊದ್ದು, ಗೋಡೆ ಸವರಿಕೊಂಡು ನಡೆದೆ. ಹತ್ತು ಹೆಜ್ಜೆಗೊಮ್ಮೆ ಹಿಂದೆ ನೋಡಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಹಾಲು ಹೊತ್ತವನು ಪಕ್ಕದಿಂದ ಹೋದ, ಕರಿಯ ಟೊಪ್ಪಿಗೆಯ ಪಾರಸಿ ಮುದುಕ ಹೋದ, ಹೂವಿನವಳು ಹೋದಳು. ಯಾರ ಮನೆಯವಳು, ಎಲ್ಲಿಗೆ ಹೊರಟಿ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಮೊದಲು ಅಂಜಿಕೆಯಾಯಿತು, ಸ್ವಲ್ಪ ದೂರ ಹೋದ ಮೇಲೆ ಸೆರಗು ಸಡಿಲಾಯಿತು, ಬೀದಿಯ ನಡುವಿಗೆ ಬಂದು ನಡೆಯತೊಡಗಿದೆ.

ಆಮೇಲೆ ರಸ್ತೆ ಮುಗಿಯಿತು.

ಏನೆಂದು ಹೇಳಲಿ? ನಾನು ಕಂಡ ದೊಡ್ಡ ನೀರು ಅಂದರೆ ಮಳೆಗಾಲದ ಮುಠಾ ಹೊಳೆ. ಅದಕ್ಕೊಂದು ಆಚೆ ದಂಡೆ ಇರುತ್ತದೆ, ದಂಡೆಯ ಮೇಲೆ ಒಂದು ಗುಡಿ ಇರುತ್ತದೆ, ಕಣ್ಣು ಅಲ್ಲಿ ಹೋಗಿ ಕೂರುತ್ತದೆ. ಇಲ್ಲಿ ಕಣ್ಣು ಹೋದದ್ದು ಹೋದದ್ದೇ. ಬಲಕ್ಕೆ ಗುಡ್ಡದ ಚಾಚು, ನನ್ನ ಹಿಂದಿನ ಮನೆಗಳ ನೆರಳು ಇನ್ನೂ ನೀರ ಮೇಲೆ. ಎದುರಿಗೆ ಏನೂ ಇಲ್ಲ. ನೀರು ಮುಗಿಯುವಲ್ಲಿ ಆಕಾಶ. ಇಡೀ ಅಷ್ಟೂ ನೀರು ಅಲುಗಾಡುತ್ತಿತ್ತು, ಒಂದು ಕ್ಷಣವೂ ಸುಮ್ಮನಿರಲಿಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಸಮುದ್ರಕ್ಕೆ ಸದ್ದು ಇರುತ್ತದೆ ಎಂದು. ಕಣ್ಣಲ್ಲಿ ನೀರು ಬಂತು, ಅಳು ಯಾಕೆ ಎಂದು ನನಗೇ ತಿಳಿಯಲಿಲ್ಲ. ಎರಡೂ ಕೈ ಮುಗಿದು ನಿಂತೆ. ನನ್ನಿಂದ ಸ್ವಲ್ಪ ದೂರದಲ್ಲಿ ಆ ಪಾರಸಿ ಮುದುಕನೂ ನೀರಿನತ್ತ ಮುಖ ಮಾಡಿ ತುಟಿ ಅಲುಗಿಸುತ್ತಿದ್ದ. ಅವನ ದೇವರು ಬೇರೆ, ನನ್ನ ದೇವರು ಬೇರೆ, ಆದರೆ ಆ ಹೊತ್ತಿಗೆ ನಾವಿಬ್ಬರೂ ಒಂದೇ ಕಡೆ ನೋಡುತ್ತಿದ್ದೆವು.

ನಾನು ನಿಂತದ್ದು ಒಣ ಮರಳಿನ ಮೇಲೆ. ಅತ್ತೆಯ ಮಾತು ಮರೆತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಒಂದು ತೆರೆ ಎಲ್ಲಿಂದಲೋ ಎದ್ದು ಬಂದು, ಬುರುಗು ಹರಡಿ, ನನ್ನ ಎರಡೂ ಕಾಲನ್ನು ತೋಯಿಸಿ ಹೋಯಿತು. ಅಯ್ಯ ನಮ್ಮವ್ವ ಎಂದು ಚೀರಿದೆ. ಹೋಗುವಾಗ ಅದು ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು, ನೆಲವೇ ಜಾರಿದ ಹಾಗಾಯಿತು. ಆಗ ಹಿಂದೆ ಸರಿಯಬೇಕಿತ್ತು, ಆದರೆ ನೀರು ಗಾಳಿಗಿಂತ ಬೆಚ್ಚಗಿತ್ತು. ಸರಿಯಲಿಲ್ಲ. ಮೊದಲನೆಯ ತೆರೆ ತಾನಾಗಿ ಬಂದದ್ದು, ಎರಡನೆಯದಕ್ಕೆ ನಾನು ಕಾಯ್ದು ನಿಂತೆ. ಆಮೇಲೆ ಮೂರನೆಯದು, ನಾಲ್ಕನೆಯದು. ಸೀರೆ ಮೊಣಕಾಲವರೆಗೆ ಎತ್ತಿ ಹಿಡಿದು, ಹುಚ್ಚಿಯ ಹಾಗೆ ನಗುತ್ತ ಅರ್ಧ ತಾಸು ನಿಂತಿದ್ದೆ. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿತ್ತು.

ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ ಅಂಜಿಕೆ ಹತ್ತಿತು. ಯಾರ ಮುಂದೆ ಹೇಳಲಿ? ಹೇಳಲಿಲ್ಲ.

ಮರುದಿನವೂ ಅದೇ ಹೊತ್ತಿಗೆ ಹೋದೆ, ಈ ಸಲ ದೂರವೇ ನಿಂತೆ. ಅದರ ಮರುದಿನ ಹೋದಾಗ ನೀರು ಯಾಕೋ ಸ್ವಲ್ಪ ಹಿಂದಿತ್ತು, ನಾನು ಮೊದಲ ದಿನ ನಿಂತ ಜಾಗದಿಂದ ಹತ್ತು ಹದಿನೈದು ಮಾರು ಆಚೆ. ನಾನೇ ಜಾಗ ತಪ್ಪಿರಬೇಕು ಎಂದುಕೊಂಡೆ. ಅಲ್ಲಿಂದ ಹೊರಳಿ ಊರು ತಿರುಗಿದೆ. ಹೂವಿನ ಸಂತೆ ನೋಡಿದೆ, ಟ್ರಾಮು ಹತ್ತಿ ಕೊನೆಯವರೆಗೆ ಹೋಗಿ ಅದೇ ಟ್ರಾಮಿನಲ್ಲಿ ಕೂತು ತಿರುಗಿ ಬಂದೆ. ಕಂಡಕ್ಟರ್ ನಕ್ಕ, ನಾನೂ ನಕ್ಕೆ. ಆದರೆ ಅಮಾವಾಸ್ಯೆಯ ಹಿಂದಿನ ದಿನ ಹೋದಾಗ ಸಮುದ್ರ ಇನ್ನೂ ದೂರ ಸರಿದಿತ್ತು. ಈ ಸಲ ಜಾಗ ತಪ್ಪಿರಲಿಲ್ಲ, ಹಿಂದಿನ ದಿನವೇ ದೋಣಿಯ ಗೂಟವೊಂದನ್ನು ಗುರುತು ಮಾಡಿದ್ದೆ. ಮುಟ್ಟಬಾರದ ದಿನ ಮುಟ್ಟಿದ್ದೆ. ಅಂದಿನಿಂದ ಅದು ದಿನ ದಿನಕ್ಕೆ ನನ್ನಿಂದ ಸರಿದು ಹೋಗುತ್ತಿದೆ! ನಗಬೇಡಿ. ಬಯಲುಸೀಮೆಯಲ್ಲಿ ಹುಟ್ಟಿ, ಬಾವಿ ಕೆರೆ ನೋಡಿ ಬೆಳೆದವಳಿಗೆ ಬೇರೆ ಏನು ತೋಚೀತು? ಬಾವಿಯ ನೀರು ಇಳಿದರೆ ಅದಕ್ಕೊಂದು ಕಾರಣ ಇರುತ್ತದೆ.

ಆ ರಾತ್ರಿ ಇವರು, ಕೆಲಸ ಮುಗಿಯಿತು, ನಾಳೆ ಮಧ್ಯಾಹ್ನ ಎರಡೂವರೆಯ ಗಾಡಿಗೆ ಹೊರಡುವುದು ಅಂದರು. “ಅಮಾಸಿ ದಿನ ಪ್ರವಾಸ ಮಾಡ್ತಾರೇನೋ?” ಎಂದು ಕಾಕು ಗೊಣಗಿದರು. “ಕಚೇರಿಯವರಿಗೆ ಅಮಾಸಿ ಎಲ್ಲೆ ಗೊತ್ತದ, ಕಾಕು” ಅಂದರು ಇವರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಅಮಾವಾಸ್ಯೆಯ ಬೆಳಿಗ್ಗೆ ಮಿಂದು, ತಂಬಿಗೆಯನ್ನು ಸೆರಗಿನಡಿ ಇಟ್ಟುಕೊಂಡು, ಮಸುಕು ಬೆಳಕಿನಲ್ಲೇ ಹೊರಟೆ. ಸಮುದ್ರಸ್ನಾನ ಎಂದು ಹೇಳಿದೆ, ಇವರು ಹೂಂ ಅಂದರು ಅಷ್ಟೆ. ರಸ್ತೆ ಮುಗಿಯುವಲ್ಲಿ ಬಂದು ನೋಡುತ್ತೇನೆ, ಸಮುದ್ರ ಇಲ್ಲ.

ಇಲ್ಲ ಅಂದರೆ ಇಲ್ಲ. ನೀರು ಇದ್ದಲ್ಲೆಲ್ಲ ಕರಿಯ ಕೆಸರು, ಪಾಚಿ ಹಿಡಿದ ಬಂಡೆ. ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು, ಕಾಗೆಗಳು ಕೆಸರಿನಲ್ಲಿ ಕೆದಕುತ್ತಿದ್ದವು. ಎಷ್ಟೋ ದೂರದಲ್ಲಿ ಒಂದು ಬಿಳಿಯ ಗೆರೆ. ನಾನು ಮುಟ್ಟಿದ್ದಕ್ಕೆ ಅಷ್ಟು ದೊಡ್ಡದು ಎದ್ದು ಹೋಗಿದೆ. ಅತ್ತೆಗೆ ಏನು ಹೇಳಲಿ? ನಾಲ್ಕು ವರ್ಷ ಬಾಯಿ ಬಿಡದವರು ಬಾಯಿಬಿಟ್ಟು ಬೇಡಿದ್ದು ಒಂದು ತಂಬಿಗೆ ನೀರು. ಅವರ ಮಗ ಸತ್ತದ್ದೂ ನನ್ನ ಸಲುವಾಗಿ, ಈಗ ಅವನಿರುವ ನೀರೂ ಅವರಿಗೆ ಸಿಗದ ಹಾಗೆ ಮಾಡಿದವಳೂ ನಾನೇ. ಆ ಬಿಳಿಯ ಗೆರೆಯ ಕಡೆಗೆ ನಡೆದೇ ಬಿಟ್ಟೆ. ಇಪ್ಪತ್ತು ಹೆಜ್ಜೆಗೆ ಮೊಣಕಾಲವರೆಗೆ ಕೆಸರಿನಲ್ಲಿ ಹುಗಿದೆ. ಕಾಲು ಕಿತ್ತುಕೊಂಡು, ಒಂದು ಬಂಡೆ ಹಿಡಿದು ನಿಂತು, ದನಿ ತೆಗೆದು ಅಳತೊಡಗಿದೆ.

ಬಂಡೆಗಳ ಸಂದಿಯಲ್ಲಿ ಚಿಪ್ಪು ಆರಿಸುತ್ತಿದ್ದ ಕೋಳಿಣಿ ಒಬ್ಬಳು, ಮೀನುಗಾರರ ಪೈಕಿ ಹೆಂಗಸು, ಬುಟ್ಟಿ ಸೊಂಟಕ್ಕಿಟ್ಟು ಬಂದಳು. ಅವಳದು ನಮ್ಮ ಪೇಠೆಯ ಮರಾಠಿಯಲ್ಲ, ದನಿಯೇ ಗಟ್ಟಿ.

“ಏನ ಬಾಯಿ, ಏನು ಕಳಕೊಂಡಿ?” ಅಂದಳು.

“ಸಮುದ್ರ ಹೋಯಿತು” ಅಂದೆ. ನಿಜವಾಗಿ ಹಾಗೆಯೇ ಅಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ಬುಟ್ಟಿಯನ್ನು ಬಂಡೆಯ ಮೇಲಿಟ್ಟು, ಸೊಂಟ ಹಿಡಿದುಕೊಂಡು ನಕ್ಕಳು. “ಹೋಗದೆ ಏನು ಮಾಡ್ತದ? ದಿನಾ ಹೋಗ್ತದ, ದಿನಾ ಬರ್ತದ. ದಿನಕ್ಕ ಎರಡು ಸಲ. ಒಂದೇ ಹೊತ್ತಿಗೆ ಬರೂದಿಲ್ಲ, ದಿನಾ ಮುಕ್ಕಾಲು ತಾಸು ತಡಾ ಮಾಡ್ತದ. ಅಮಾಸಿಗೆ ಭಾಳ ದೂರ ಹೋಗ್ತದ, ಭಾಳ ಮ್ಯಾಲೂ ಬರ್ತದ. ಮನಿಗೆ ಹೋಗು, ಉಂಡು ಬಾ. ಸೂರ್ಯ ನೆತ್ತಿ ಮ್ಯಾಲ ಬಂದಾಗ ನೀ ನಿಂತಲ್ಲೆ ನಿನ್ನ ಕುತ್ತಿಗಿ ಮಟಾ ನೀರು ಇರ್ತದ.”

“ನಾ ಮುಟ್ಟಿದ್ದಕ್ಕ ಹೋಗಲಿಲ್ಲ?”

“ನೀ ಯಾರ ಮಗಳ, ನೀ ಮುಟ್ಟಿದರ ಹೋಗಲಿಕ್ಕೆ!” ಎಂದು ಅವಳು ನನ್ನ ಕೆಸರುಗಾಲನ್ನು ತನ್ನ ಒದ್ದೆ ಸೆರಗಿನಿಂದಲೇ ಒರೆಸಿದಳು. ಮಡಿಯುಟ್ಟ ನಾನು ಸುಮ್ಮನೆ ಒರೆಸಿಸಿಕೊಂಡೆ.

ಹೋಗಿ ಕಾಕುವಿನ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ಎಲೆಯ ಮೇಲೆ ಹಾಕಿಸಿಕೊಂಡು ಕೂತೆ, ಕಣ್ಣೆಲ್ಲ ಕಿಟಕಿಯ ಬಿಸಿಲಿನ ಮೇಲೆ. ಇವರು ಕೊನೆಯ ಕಾಗದಪತ್ರ ಒಪ್ಪಿಸಲು ಹೋಗಿದ್ದರು. ಹನ್ನೊಂದೂವರೆಗೆ ಮತ್ತೆ ಓಡಿದೆ.

ಅದು ಬಂದಿತ್ತು. ಬಂದಿತ್ತು ಅಂದರೆ ಸಾಲದು, ಬರುತ್ತಲೇ ಇತ್ತು. ಬೆಳಿಗ್ಗೆ ಕಾಗೆ ಕೂತ ಬಂಡೆಗಳು ಕಾಣಿಸುತ್ತಿರಲಿಲ್ಲ. ಮಗ್ಗುಲಾಗಿ ಬಿದ್ದ ದೋಣಿಗಳು ನೆಟ್ಟಗೆ ಎದ್ದು ಕುಣಿಯುತ್ತಿದ್ದವು. ಬಿಸಿಲಿಗೆ ಇಡೀ ನೀರು ಥಳಥಳ ಹೊಳೆದು ಕಣ್ಣು ಬಿಡಲಾಗುತ್ತಿರಲಿಲ್ಲ. ಯಾರು ಇದನ್ನು ಎಬ್ಬಿಸುತ್ತಾರೆ, ಯಾರು ಹಿಂದಕ್ಕೆ ಕರೆಯುತ್ತಾರೆ? ಯಾರೂ ನೋಡದಿದ್ದರೂ, ಯುದ್ಧ ನಡೆಯಲಿ ಪ್ಲೇಗು ಬರಲಿ, ಇದು ದಿನಕ್ಕೆ ಎರಡು ಸಲ ಹೋಗಿ ಬರುತ್ತಲೇ ಇದೆಯಲ್ಲ! ನನ್ನ ಅಂಜಿಕೆ, ನನ್ನ ತಪ್ಪು, ಎಲ್ಲ ಅದರ ಮುಂದೆ ಎಷ್ಟು ಸಣ್ಣದೆಂದು ನನಗೇ ನಾಚಿಕೆಯಾಯಿತು. ಸೊಂಟದವರೆಗೆ ಇಳಿದೆ, ಮೂರು ಸಲ ಮುಳುಗಿದೆ. ತಂಬಿಗೆಯನ್ನು ನೀರಿನಲ್ಲಿ ಬಾಗಿಸಿದಾಗ ಅದು ಗುಳುಗುಳು ಎಂದು ತುಂಬಿಕೊಂಡಿತು. ಭಾವ, ಮನೆಗೆ ಬರ್ರಿ ಎಂದು ಬಾಯಿಬಿಟ್ಟೇ ಹೇಳಿದೆ, ಮುಚ್ಚಳ ಬಿಗಿ ಮಾಡಿದೆ.

ಹೊರಳಿ ನೋಡಿದರೆ ರಸ್ತೆಯ ಅಂಚಿನಲ್ಲಿ ಇವರು ನಿಂತಿದ್ದರು, ಸಮುದ್ರಕ್ಕೆ ಬೆನ್ನು ಮಾಡಿ. ಕಾಕು ಕಳಿಸಿದ್ದರು. ನಾನು ಒದ್ದೆ ಸೀರೆಯಲ್ಲಿ ಹತ್ತಿರ ಹೋದೆ. ತಂಬಿಗೆ ಮುಚ್ಚಿಡಲು ಹೋದೆ, ಆಗಲಿಲ್ಲ. ಇವರು ಅದನ್ನು ನೋಡಿದರು.

“ಅಣ್ಣಂದಲ್ಲಾ ಇದು” ಅಂದರು.

“ಅತ್ತಿಯವರು ಕೊಟ್ಟಾರ್ರಿ. ನಿಮ್ಮ ಮುಂದ ಹೇಳಬ್ಯಾಡ ಅಂದಿದ್ದರು.”

ಇವರು ಕೈ ಚಾಚಿದರು. ನನ್ನ ಕೈಯಿಂದ ಇಸಿದುಕೊಂಡರು. ರೈಲಿನಲ್ಲಿ ಟ್ರಂಕು ಮೇಲಿಟ್ಟರು, ಹಾಸಿಗೆ ಕೆಳಗಿಟ್ಟರು, ತಂಬಿಗೆ ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಖಂಡಾಳೆಯ ಘಾಟು ಹತ್ತುವಾಗ ಚಳಿ ಸುರುವಾಯಿತು. ಇವರು ಕೊರಳಿನ ಮಫ್ಲರು ಬಿಚ್ಚಿ ತಂಬಿಗೆಗೆ ಸುತ್ತಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಪುಣೆಯಲ್ಲಿ ಇಳಿದಾಗ ಕತ್ತಲಾಗಿತ್ತು, ಟಾಂಗಾದಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು. ವಾಡೆಯ ಬಾಗಿಲಲ್ಲಿ ಅತ್ತೆ ಕಂದೀಲು ಹಿಡಿದು ನಿಂತಿದ್ದರು. ರೈಲಿನಿಂದ ಇಳಿದು ಬಂದವರು ನಾವು, ಮೈಲಿಗೆ ಅಂದರೆ ಅಂಥಿಂಥ ಮೈಲಿಗೆಯಲ್ಲ. ನಾನು ಇವರ ಕೈಯಿಂದ ತಂಬಿಗೆ ಇಸಿದುಕೊಂಡು, ದೂರವೇ ನಿಂತು, ಅದನ್ನು ಕಟ್ಟೆಯ ಮೇಲಿಡಲು ಹೋದೆ, ನೀರು ಚಿಮುಕಿಸಿ ಎತ್ತಿಕೊಳ್ಳಲಿ ಎಂದು. ಅತ್ತೆ ಕಂದೀಲು ಕೆಳಗಿಟ್ಟರು. ಹೊಸ್ತಿಲು ದಾಟಿ ಬಂದು ನನ್ನ ಕೈಯಿಂದಲೇ ತಂಬಿಗೆ ಕಸಿದುಕೊಂಡರು. ಅಲ್ಲೇ ಕಟ್ಟೆಯ ಮೇಲೆ ಕೂತು, ಮುಚ್ಚಳ ತಿರುಗಿಸಿ, ಅಂಗೈಗೆ ನೀರು ಬಗ್ಗಿಸಿಕೊಂಡರು.

“ಎಷ್ಟು ತಣ್ಣಗಾವಲ್ಲೇ” ಅಂದರು. “ಎಷ್ಟು ತಣ್ಣಗಾವ. ನನಗ ಗೊತ್ತಿತ್ತು. ಥಂಡಿ ಅಂದರ ಆಗತಿದ್ದಿಲ್ಲ ನನ್ನ ಕೂಸಿಗೆ. ಇಂಥಾ ನೀರಾಗ ಮಲಗ್ಯಾನ.”

ಬಾವಿಯ ತಣ್ಣೀರು ಯಾಕೆಂದು ನನಗೆ ಆಗ ತಿಳಿಯಿತು. ಅದು ಮಡಿಯಾಗಿರಲಿಲ್ಲ. ಮಗ ತಣ್ಣೀರಿನಲ್ಲಿರುವಾಗ ತಾಯಿ ಬಿಸಿನೀರು ಹೇಗೆ ಸುರಿದುಕೊಂಡಾಳು?

“ಇಲ್ಲ್ರಿ ಅತ್ಯಾ” ಅಂದೆ. “ಇದು ಗಾಡಿಯೊಳಗ ಆರ್‍ಯದ. ಅಲ್ಲೆ ಹಿಂಗಿಲ್ಲ. ಅಲ್ಲೆ ಸಮುದ್ರ ಬೆಚ್ಚಗ ಅದ.”

“ಸುಳ್ಳು ಹೇಳಬ್ಯಾಡ. ನೆತ್ತಿ ಮ್ಯಾಲಿನ ಬಿಸಲಾಗ ತುಂಬಿಸಿರಬೇಕು. ಮ್ಯಾಲಿನ ನೀರು ಕಾದಿರ್ತಾವ.”

ಈಗ ಬೇರೆ ದಾರಿ ಇರಲಿಲ್ಲ. ಇವರೂ ಅಲ್ಲೇ ನಿಂತಿದ್ದರು. “ಅತ್ಯಾ, ನಾ ತಪ್ಪು ಮಾಡೀನ್ರಿ” ಅಂದೆ. “ಅಮಾಸಿಗೆ ನಾಕು ದಿನ ಮೊದಲ ನಾ ಅದನ್ನ ಮುಟ್ಟೀನಿ. ನೀವು ಬ್ಯಾಡ ಅಂದಿದ್ದಿರಿ, ಆದರೂ ಮುಟ್ಟೀನಿ. ಮುಂಜಾನೆ, ಬಿಸಲು ನೀರಿಗೆ ಇಳಿದಿದ್ದಿಲ್ಲ, ದಂಡಿ ಮನಿಗಳ ನೆರಳು ಇನ್ನೂ ಮ್ಯಾಲಿತ್ತು. ಅರ್ಧ ತಾಸು ನೀರಾಗ ನಿಂತೀನಿ. ಗಾಳಿ ಥಂಡಿ ಇತ್ತು, ಮರಳು ಥಂಡಿ ಇತ್ತು, ನೀರು ಬೆಚ್ಚಗಿದ್ದವು. ಅದಕ್ಕಽ ನನಗ ಹೊರಗ ಬರಲಿಕ್ಕೆ ಮನಸಾಗಲಿಲ್ಲ.”

ಅತ್ತೆ ತಲೆಯೆತ್ತಿ ನೋಡಿದರು. ಬಯ್ಯುತ್ತಾರೆ ಎಂದು ನಾನು ಕಾದೆ.

“ಬೆಚ್ಚಗಿದ್ದವು?” ಅಂದರು.

“ಹೌದ್ರಿ.”

“ಎಷ್ಟು ಬೆಚ್ಚಗ?”

“ಕೂಸಿಗೆ ಎರೀಲಿಕ್ಕೆ ಹದಾ ಮಾಡ್ತೀರಲ್ಲರಿ, ಅಷ್ಟು” ಅಂದೆ. ಹುಟ್ಟಿದ ಕೂಸಿಗೆ ನೀರು ಹಾಕುವುದನ್ನು ನಾನು ನೋಡಿದ್ದಷ್ಟೆ, ನನಗಿನ್ನೂ ಮಕ್ಕಳಾಗಿರಲಿಲ್ಲ.

ಅತ್ತೆ ಅಂಗೈಯ ನೀರನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಇವರ ಕಡೆ ನೋಡಿ, “ಬಾರೋ, ನೀನೂ ಮುಟ್ಟು ಬಾ. ನಿಮ್ಮಣ್ಣ ಇದ್ದ ನೀರು” ಅಂದರು. ಇವರು ತಾಯಿಯ ಕಾಲ ಹತ್ತಿರ ಕೂತು, ಕೈ ಚಾಚಿ, ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಆ ಮೈಲಿಗೆಯ ತಲೆಯನ್ನು ತೊಡೆಗೆ ಎಳೆದುಕೊಂಡರು.

ಮರುದಿನ ನಸುಕಿನಲ್ಲಿ ನಾನು ಬಚ್ಚಲ ಒಲೆ ಹೊತ್ತಿಸುತ್ತಿದ್ದೆ. ಬಾವಿಯ ಗಾಲಿಯ ಸದ್ದಿಗೆ ಕಿವಿಗೊಟ್ಟಿದ್ದೆ, ಅದು ಕೇಳಿಸಲಿಲ್ಲ. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು, ಮೊದಲು ಭಾವನನ್ನು ಬಯ್ಯಲು ನಿಲ್ಲುತ್ತಿದ್ದ ಜಾಗದಲ್ಲೇ.

“ಹಂಡ್ಯಾಗ ನೀರು ಕಾದಾವೇನ?” ಎಂದು ಕೇಳಿದರು. “ಕಾದಿದ್ದರ ನನಗೊಂದು ಚರಿಗಿ ಕೊಡು.”